ತಾಮ್ರದ ಕಾಸೂ ಅದರ ಲೋಹದ ಬೆಲೆಯೂ



ಯಲಹಂಕದ ಹಳೆಯ ಊರಿನಲ್ಲಿ ಕೆಲವು ಕಾಲದ ಹಿಂದೆ ಒಂದು ತೊಟ್ಟಿಯ ಮನೆಯನ್ನು ಕೆಡವಿದರು. ಅಟ್ಟದ ಮೂಲೆಯಲ್ಲಿ, ಹರಿದ ಕಂಬಳಿಯ ಕೆಳಗೆ, ಬಾಯಿಗೆ ಬಟ್ಟೆ ಕಟ್ಟಿದ ಚರಿಗೆಯೊಂದು ದೊರೆಯಿತು. ಅದರ ತುಂಬ ತಾಮ್ರದ ಕಾಸುಗಳು. ಆ ಮನೆಯ ಯಜಮಾನರು ನನಗೆ ಪರಿಚಿತರು. ಅವರು ತಮ್ಮ ಇಬ್ಬರು ಮಕ್ಕಳೊಡನೆ ಆ ಚರಿಗೆಯನ್ನು ತಂದು ನನ್ನ ಮುಂದಿಟ್ಟರು. ಹಿರಿಯ ಮಗನು, “ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ; ಕೊಟ್ಟು ಕೈತೊಳೆದುಕೊಳ್ಳೋಣ” ಎಂದನು. ಕಿರಿಯವನು, “ತಾಮ್ರದ ಬೆಲೆ ಏರುತ್ತಲೇ ಇದೆ. ಇದನ್ನು ಮಾರುವುದಿರಲಿ, ಸಿಕ್ಕಿದಷ್ಟು ಹಳೆಯ ಕಾಸನ್ನು ಕೊಂಡು ಇದರೊಡನೆ ಕೂಡಿಸೋಣ” ಎಂದನು. ತಂದೆಯವರು ಇಬ್ಬರನ್ನೂ ಸುಮ್ಮನಿರಿಸಿ, “ಸ್ವಾಮಿ, ಇದನ್ನು ಕೂಡಿಟ್ಟವರು ನಮ್ಮ ಅಜ್ಜಿ. ಅವರು ಮಾಡಿದ್ದು ಜಾಣತನವೋ ದಡ್ಡತನವೋ ತಾವೇ ಹೇಳಬೇಕು” ಎಂದು ಕೇಳಿದರು.

ಪ್ರಶ್ನೆಯು ನೋಡುವುದಕ್ಕೆ ಸಣ್ಣದು. ಆದರೆ ಇದಕ್ಕೆ ಉತ್ತರ ಹೇಳಬೇಕಾದರೆ ನಮ್ಮ ನಾಡಿನ ನಾಣ್ಯದ ಕಥೆಯನ್ನೇ ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರಬೇಕಾಗುತ್ತದೆ. ಅದನ್ನೇ ಈ ಭಾಷಣದ ವಿಷಯವಾಗಿ ಮಾಡಿಕೊಂಡಿದ್ದೇನೆ.

ಮೊದಲು ನಮ್ಮ ಮಾತನ್ನೇ ಗಮನಿಸೋಣ. ಇಂದು ನಾವು ‘ಹಣ’ ಎನ್ನುವುದೂ ‘ದುಡ್ಡು’ ಎನ್ನುವುದೂ ಒಂದೇ ಅರ್ಥದಲ್ಲಿ. ಪೂರ್ವದಲ್ಲಿ ಹಾಗಿರಲಿಲ್ಲ. ವರಹವೂ ಹಣವೂ ಚಿನ್ನದ ನಾಣ್ಯಗಳು. ದುಡ್ಡೂ ಕಾಸೂ ತಾಮ್ರದವು. ಕಂದಾಯ, ಕಪ್ಪ, ವರದಕ್ಷಿಣೆ, ಜಮೀನಿನ ಕ್ರಯ ಇವೆಲ್ಲ ವರಹ ಹಣಗಳ ಲೆಕ್ಕದಲ್ಲಿ ನಡೆಯುತ್ತಿದ್ದವು. ಸೊಪ್ಪು, ಎಲೆಯಡಿಕೆ, ಉಪ್ಪುಗಳ ವ್ಯಾಪಾರವು ಕಾಸಿನ ಲೆಕ್ಕದಲ್ಲಿ. ‘ಮೂರು ಕಾಸಿನ ಬೆಲೆಯಿಲ್ಲ’ ಎಂದು ನಾವು ಒಬ್ಬನನ್ನು ಹಳಿಯುವಾಗ ಆ ಹಳೆಯ ಭೇದವೇ ನಮ್ಮ ನಾಲಗೆಯ ಮೇಲೆ ಉಳಿದಿದೆ. ಚಿನ್ನವು ಇಡುವ ನಾಣ್ಯ, ತಾಮ್ರವು ಕೊಡುವ ನಾಣ್ಯ ಎಂಬುದು ಜನರಿಗೆ ಯಾರೂ ಕಲಿಸದೆ ತಿಳಿದಿದ್ದ ವಿಷಯ.

ಇದಕ್ಕೆ ನೆಲದೊಳಗಿನ ಸಾಕ್ಷ್ಯವು ಯಲಹಂಕಕ್ಕೆ ಸಮೀಪದಲ್ಲಿಯೇ ಉಂಟು. 1891ರಲ್ಲಿ ಯಶವಂತಪುರದಲ್ಲಿ ರೈಲುದಾರಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ರೋಮನ್ ನಾಣ್ಯಗಳ ನಿಕ್ಷೇಪವೊಂದು ದೊರೆಯಿತು. ನಾಣ್ಯಗಳು 163, ಎಲ್ಲವೂ ಬೆಳ್ಳಿಯವು, ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ಚಕ್ರವರ್ತಿಗಳ ಕಾಲದವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಯಾವನೋ ಒಬ್ಬ ವರ್ತಕನು, ಯಾವುದೋ ಭಯದಿಂದ, ತನ್ನ ಸೊತ್ತನ್ನು ಅಲ್ಲಿ ಹೂತಿಟ್ಟು ಹೋದವನು ಮರಳಿ ಬರಲೇ ಇಲ್ಲ. 1965ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯ ಬಳಿಯಲ್ಲಿ ದೊರೆತ ಇನ್ನೊಂದು ನಿಕ್ಷೇಪವೂ ರೋಮನ್ ಬೆಳ್ಳಿಯದೇ. ನಮ್ಮ ಸೀಮೆಯಲ್ಲಿ ಆ ಕಾಲದಲ್ಲಿ ಅಗ್ಗದ ಲೋಹದ ನಾಣ್ಯಗಳು ಇರಲಿಲ್ಲವೆಂದಲ್ಲ. ಸಾತವಾಹನರು ಸೀಸದಲ್ಲಿಯೂ ನಾಣ್ಯಗಳನ್ನು ಹೊಡೆಯಿಸಿದ್ದರು. ಆದರೆ ಆಪತ್ತಿನ ಗಳಿಗೆಯಲ್ಲಿ ಮಡಕೆಗೆ ಸೇರಿದ್ದು ಬೆಳ್ಳಿ. ಒಂದು ಮಡಕೆಯಲ್ಲಿ ಹಿಡಿಸುವಷ್ಟು ತಾಮ್ರವು ಒಂದು ಸಂಸಾರವನ್ನು ಎತ್ತಿ ನಿಲ್ಲಿಸಲಾರದು ಎಂಬುದನ್ನು ಆ ಹೆಸರಿಲ್ಲದ ವರ್ತಕನು ಬಲ್ಲವನಾಗಿದ್ದನು.

ಹಾಗಾದರೆ ತಾಮ್ರದ ಕಾಸಿಗೆ ಬೆಲೆ ಬರುವುದು ಎಲ್ಲಿಂದ? ಅದರ ಮೇಲಿನ ಮುದ್ರೆಯಿಂದ. ಈ ಮಾತಿಗೆ ಯಲಹಂಕ ನಾಡಪ್ರಭುಗಳ ಕಥೆಯೇ ನಿದರ್ಶನ. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡನು ಭೈರವನ ಹೆಸರಿನಲ್ಲಿ ತನ್ನದೇ ನಾಣ್ಯವನ್ನು ಹೊಡೆಯಿಸಿದನೆಂದೂ, ವಿಜಯನಗರದ ಅಪ್ಪಣೆಯಿಲ್ಲದೆ ಹೀಗೆ ಮಾಡಿದ್ದಕ್ಕಾಗಿ ಅವನನ್ನು ಆನೆಗೊಂದಿಯಲ್ಲಿ ಐದು ವರ್ಷಗಳ ಕಾಲ ಸೆರೆಯಲ್ಲಿಟ್ಟರೆಂದೂ ಐತಿಹ್ಯವಿದೆ. ಕೋಟೆ ಕಟ್ಟಿದಾಗ, ಪೇಟೆ ಕಟ್ಟಿದಾಗ, ಕೆರೆ ಕಟ್ಟಿದಾಗ ಆಗದಿದ್ದ ಅಪರಾಧವು ಒಂದು ಸಣ್ಣ ಬಿಲ್ಲೆಯ ಮೇಲೆ ಮುದ್ರೆಯೊತ್ತಿದಾಗ ಆಯಿತು. ಅರಸರು ಕಾದಾಡುತ್ತಿದ್ದುದು ಬಿಲ್ಲೆಯ ಲೋಹಕ್ಕಾಗಿ ಅಲ್ಲ. ‘ಈ ಬಿಲ್ಲೆಯ ಬೆಲೆ ಇಷ್ಟು’ ಎಂದು ಹೇಳುವ ಅಧಿಕಾರಕ್ಕಾಗಿ.

ಆ ಅಧಿಕಾರವು ಮೈಸೂರಿನಲ್ಲಿ ಅತ್ಯಂತ ವಿಸ್ತಾರವಾಗಿ ಕಾಣುವುದು ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ. ನಮ್ಮ ಚರಿಗೆಯಲ್ಲಿ ತಳಕ್ಕೆ ಸೇರಿದ್ದ ಒಂಬತ್ತು ಕಾಸುಗಳು ಆ ಕಾಲದವು. ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಪಾರಸಿಯ ಬರಹ. ಟಿಪ್ಪುವು ತನ್ನ ತಾಮ್ರದ ನಾಣ್ಯಗಳಿಗೆ ಗ್ರಹನಕ್ಷತ್ರಗಳ ಹೆಸರಿಟ್ಟನು. ಎರಡು ಪೈಸೆಯ ನಾಣ್ಯವು ಮುಷ್ತರಿ, ಎಂದರೆ ಗುರುಗ್ರಹ. ಪೈಸೆಯು ಜುಹ್ರಾ, ಎಂದರೆ ಶುಕ್ರ. ಅರ್ಧ ಪೈಸೆಯು ಬಹ್ರಾಮ್, ಎಂದರೆ ಮಂಗಳ. ಕಾಲು ಪೈಸೆಯು ಅಖ್ತರ್, ಎಂದರೆ ನಕ್ಷತ್ರ. ಅರೆಕಾಲು ಪೈಸೆಯು ಕುತ್ಬ್, ಎಂದರೆ ಧ್ರುವ. ಪೈಸೆಯ ತೂಕವು ಒಂದು ತೊಲೆಗೆ ಸಮೀಪ. ಪಟ್ಟಣ, ನಗರ, ಬೆಂಗಳೂರು ಮೊದಲಾದ ಟಂಕಸಾಲೆಗಳಲ್ಲಿ ಇವು ತಯಾರಾಗುತ್ತಿದ್ದವು. ಸುಲ್ತಾನನು ಊರುಗಳಿಗೆ ಕೊಟ್ಟ ಹೊಸ ಹೆಸರುಗಳೂ ಈ ಕಾಸುಗಳ ಮೇಲಿವೆ: ಚಿತ್ರದುರ್ಗವು ಫರ್ರುಖ್‌ಯಾಬ್ ಹಿಸಾರ್, ಧಾರವಾಡವು ಖುರ್ಷೀದ್ ಸವಾದ್. ಆ ಹೆಸರುಗಳು ಜನರ ಬಾಯಿಂದ ಎಂದೋ ಅಳಿದುಹೋದವು. ತಾಮ್ರದ ಮೇಲೆ ಮಾತ್ರ ಉಳಿದುಕೊಂಡಿವೆ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ರಾಜ್ಯವು ಒಡೆಯರ ಮನೆತನಕ್ಕೆ ಮರಳಿತು. ಆದರೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೊದಲ ತಾಮ್ರದ ಕಾಸುಗಳ ಮೇಲೆ ಆನೆಯೇ ಮುಂದುವರಿಯಿತು. ಅದರ ಮೇಲ್ಗಡೆ ಸೂರ್ಯಚಂದ್ರರೂ, ಕನ್ನಡದ ‘ಶ್ರೀ’ಕಾರವೂ ಬಂದವು. ಸಂತೆಯಲ್ಲಿ ಓದುಬಾರದ ಹೆಂಗಸು ನಾಣ್ಯವನ್ನು ಗುರುತಿಸುತ್ತಿದ್ದುದು ಆನೆಯಿಂದ. ಅರಸು ಬದಲಾದರೂ ಅವಳ ನಂಬಿಕೆಯು ಕೆಡಬಾರದಾಗಿತ್ತು. ಕೆಲಕಾಲದ ಮೇಲೆ ಆನೆಯ ಸ್ಥಾನದಲ್ಲಿ ಸಿಂಹವು ಬಂದಿತು. ‘ಶ್ರೀ ಚಾಮುಂಡಿ’, ‘ಶ್ರೀ ಕೃಷ್ಣರಾಜ’ ಎಂಬ ಬರಹಗಳೂ, ‘ಮಯಿಲಿ ಕಾಸು’ ಎಂಬ ಹೆಸರೂ, ಅದರೊಡನೆ ಕಂಪೆನಿಯವರಿಗೆ ತಿಳಿಯುವಂತೆ ಇಂಗ್ಲಿಷಿನಲ್ಲಿ ಬೆಲೆಯೂ ಸೇರಿದವು. ಮೈಸೂರಿನ ಟಂಕಸಾಲೆಯನ್ನು 1833ರಲ್ಲಿ ಬೆಂಗಳೂರಿಗೆ ತಂದರು. ಹತ್ತು ವರ್ಷಗಳ ಮೇಲೆ, 1843ರಲ್ಲಿ, ಅದನ್ನು ಮುಚ್ಚಿದರು. ಅಲ್ಲಿಗೆ ಮೈಸೂರಿನ ಸ್ವಂತ ನಾಣ್ಯದ ಕಥೆ ಮುಗಿಯಿತು. ಸಿಂಹದ ಕಾಸುಗಳ ಜಾಗಕ್ಕೆ ಬ್ರಿಟಿಷ್ ಇಂಡಿಯಾದ ಕಾಲಾಣೆಗಳು ಬಂದವು. ನಮ್ಮ ಚರಿಗೆಯ ಬಹುಭಾಗವು ಇವೇ.

ಈಗ ಲೆಕ್ಕಕ್ಕೆ ಬರೋಣ. ಕಿರಿಯ ಮಗನಿಗೆ ಉತ್ತರ ಹೇಳಬೇಕಾದದ್ದು ಇಲ್ಲಿ.

1835ರ ಕಾನೂನಿನಂತೆ ಒಂದು ಕಾಲಾಣೆಯ ತೂಕ 100 ಗ್ರೇನು, ಎಂದರೆ ಆರೂವರೆ ಗ್ರಾಮಿಗೆ ಸಮೀಪ. ಒಂದು ರೂಪಾಯಿಗೆ 64 ಕಾಲಾಣೆಗಳು. ಆದುದರಿಂದ ಒಂದು ರೂಪಾಯಿಯ ಚಿಲ್ಲರೆಯಲ್ಲಿ ಇದ್ದ ತಾಮ್ರವು 6,400 ಗ್ರೇನು, ಅಥವಾ 35½ ತೊಲೆ, ಅಥವಾ ಸುಮಾರು 414 ಗ್ರಾಮು. ಹತ್ತೊಂಬತ್ತನೆಯ ಶತಮಾನದ ನಡುವಣ ಕಾಲದಲ್ಲಿ ಲಂಡನ್ನಿನ ಪೇಟೆಯಲ್ಲಿ ತಾಮ್ರವು ಟನ್ನಿಗೆ ಸುಮಾರು 90 ಪೌಂಡು ಎಂದು ಹಿಡಿದರೆ, ಇಷ್ಟು ತಾಮ್ರದ ಬೆಲೆ ಒಂಬತ್ತು ಪೆನ್ಸನ್ನು ಮುಟ್ಟುವುದಿಲ್ಲ. ಆಗ ರೂಪಾಯಿಗೆ ಸುಮಾರು 24 ಪೆನ್ಸು. ಎಂದರೆ, ಒಂದು ರೂಪಾಯಿ ಕೊಟ್ಟು ಕಾಲಾಣೆಗಳನ್ನು ಪಡೆದು ಚರಿಗೆಯಲ್ಲಿ ತುಂಬಿದವನು ಆರಾಣೆ ಬೆಲೆಯ ತಾಮ್ರವನ್ನು ಹದಿನಾರಾಣೆ ಕೊಟ್ಟು ಕೊಂಡಂತಾಯಿತು. ಉಳಿದ ಹತ್ತಾಣೆಯು ಮುದ್ರೆಯ ಬೆಲೆ. ಮುದ್ರೆಯನ್ನು ಕರಗಿಸಿದರೆ ಆ ಹತ್ತಾಣೆಯೂ ಹೊಗೆಯಾಗಿ ಹೋಗುತ್ತದೆ.

ಲೋಹದ ಬೆಲೆ ಏರಿ ಮುಖಬೆಲೆಯನ್ನು ದಾಟಿದರೆ? ಆಗ ಕೂಡಿಟ್ಟವನಿಗೆ ಲಾಭವಲ್ಲವೆ? ಅಹುದು. ಆದರೆ ಈ ಆಟದಲ್ಲಿ ಎದುರಾಳಿಯು ಸರಕಾರ. ಮತ್ತು ಕಾಯಿ ನಡೆಸುವ ಸರದಿ ಯಾವಾಗಲೂ ಅದರದೇ. 1906ರಲ್ಲಿ ಕಾಲಾಣೆಯನ್ನು ಶುದ್ಧ ತಾಮ್ರದಿಂದ ಕಂಚಿಗೆ ಬದಲಾಯಿಸಿ ತೂಕವನ್ನು 75 ಗ್ರೇನಿಗೆ ಇಳಿಸಿದರು. ಎರಡನೆಯ ಮಹಾಯುದ್ಧದಲ್ಲಿ ತಾಮ್ರವು ಮದ್ದುಗುಂಡುಗಳಿಗೆ ಬೇಕಾಯಿತು. 1943ರಲ್ಲಿ ನಡುವೆ ತೂತಿರುವ ಕಾಲಾಣೆ ಬಂದಿತು, ತೂಕ 30 ಗ್ರೇನು ಮಾತ್ರ. ಸ್ವಾತಂತ್ರ್ಯಾನಂತರ 1950ರ ಕುದುರೆಯ ಕಾಲಾಣೆಯು ಸ್ವಲ್ಪ ದಪ್ಪವಾಗಿ ಮೂರು ಗ್ರಾಮಿಗೆ ಸಮೀಪವಾಯಿತು. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದಾಗ ನಯಾಪೈಸೆಯು ಒಂದೂವರೆ ಗ್ರಾಮಿನ ಕಂಚು. ಕೆಲವೇ ವರ್ಷಗಳಲ್ಲಿ ಅದು ನಿಕ್ಕಲ್ ಸೇರಿದ ಹಿತ್ತಾಳೆಯಾಯಿತು. 1965ರಲ್ಲಿ ಮುಕ್ಕಾಲು ಗ್ರಾಮಿನ ಅಲ್ಯೂಮಿನಿಯಂ ಆಯಿತು. ನೂರು ಗ್ರೇನಿನ ತಾಮ್ರದಿಂದ ಊದಿದರೆ ಹಾರುವ ಬಿಲ್ಲೆಯವರೆಗೆ ನೂರಮೂವತ್ತು ವರ್ಷಗಳ ದಾರಿ ಇದು. ಪ್ರತಿಯೊಂದು ಸಲವೂ ಹಳೆಯ, ಭಾರವಾದ ಕಾಸುಗಳು ಪೇಟೆಯಿಂದ ಮೆಲ್ಲಮೆಲ್ಲನೆ ಮಾಯವಾಗಿ ಹೊಸ ಹಗುರ ಕಾಸುಗಳು ಓಡಾಡಿದವು. ಕೀಳು ನಾಣ್ಯವು ಮೇಲು ನಾಣ್ಯವನ್ನು ಅಟ್ಟುತ್ತದೆಂಬ ಅರ್ಥಶಾಸ್ತ್ರದ ಸೂತ್ರವು ಇದೇ.

ಇದು ನಮ್ಮ ದೇಶದ ವಿಶೇಷವೂ ಅಲ್ಲ. ಅಮೆರಿಕದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ತಾಮ್ರವಿದ್ದ ಸೆಂಟನ್ನು 1982ರಲ್ಲಿ ತಾಮ್ರದ ಲೇಪವುಳ್ಳ ಸತುವಿಗೆ ಬದಲಾಯಿಸಿದರು. ಅಲ್ಲಿಯೂ ಜನರು ಹಳೆಯ ಸೆಂಟುಗಳನ್ನು ಆರಿಸಿ ಡಬ್ಬಗಳಲ್ಲಿ ತುಂಬಿದರು. 2006ರಲ್ಲಿ ಸರಕಾರವು ಅವನ್ನು ಕರಗಿಸುವುದನ್ನು ನಿಷೇಧಿಸಿತು. ಕೂಡಿಟ್ಟವರ ಕೈಯಲ್ಲಿ ತಾಮ್ರವೇನೋ ಇತ್ತು. ಅದನ್ನು ಗಟ್ಟಿಮಾಡಿ ಮಾರುವ ದಾರಿ ಮುಚ್ಚಿಹೋಯಿತು. ನಮ್ಮಲ್ಲಿಯೂ 1971ರಲ್ಲಿ ಚಿಲ್ಲರೆ ನಾಣ್ಯಗಳ ಅಪರಾಧಗಳಿಗಾಗಿಯೇ ಒಂದು ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ ಬಂದ 2011ರ ನಾಣ್ಯ ಕಾಯಿದೆಯಂತೆ ಸರಕಾರದ ನಾಣ್ಯವನ್ನು ಕರಗಿಸುವುದೂ, ಕರಗಿಸುವ ಉದ್ದೇಶದಿಂದ ಅಗತ್ಯಕ್ಕೆ ಬಹಳ ಮೀರಿ ನಾಣ್ಯಗಳನ್ನು ಕೂಡಿಡುವುದೂ ದಂಡನೀಯ.

ಆದರೂ ಕಿರಿಯ ಮಗನ ಪಕ್ಷವನ್ನು ನ್ಯಾಯವಾಗಿ ತೂಗಿ ನೋಡಬೇಕು. ಕಾನೂನನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಲಾಭನಷ್ಟವನ್ನು ಮಾತ್ರ ಎಣಿಸೋಣ. 1913ರಲ್ಲಿ ಒಬ್ಬನು ಒಂದು ರೂಪಾಯಿಗೆ ಕಂಚಿನ ಕಾಲಾಣೆಗಳನ್ನು ಪಡೆದು ಇಟ್ಟನೆನ್ನೋಣ. ತೂಕ ಸುಮಾರು 311 ಗ್ರಾಮು. ತಾಮ್ರವು ಕಿಲೋಗೆ 800 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದು, ಕಂಚನ್ನೂ ಅದೇ ಬೆಲೆಗೆ ಎಣಿಸಿದರೆ, ಅವನ ಒಂದು ರೂಪಾಯಿ ಸುಮಾರು 250 ರೂಪಾಯಿಯಾಗಿದೆ. ಕೇಳುವುದಕ್ಕೆ ಇದು ದೊಡ್ಡ ಲಾಭವೆಂದು ತೋರುತ್ತದೆ. ಆದರೆ ಇದು ವರ್ಷಕ್ಕೆ ನೂರಕ್ಕೆ ಐದರ ಚಕ್ರಬಡ್ಡಿಯಷ್ಟೆ. ಅದೇ 1913ರಲ್ಲಿ ಹದಿನೈದು ರೂಪಾಯಿಗೆ ಒಂದು ಸವರನ್ನು ಸಿಕ್ಕುತ್ತಿತ್ತು. ಆ ದರದಲ್ಲಿ ಒಂದು ರೂಪಾಯಿಗೆ ಬರುತ್ತಿದ್ದ ಅಪರಂಜಿ ಚಿನ್ನ ಅರ್ಧ ಗ್ರಾಮಿಗೆ ಸ್ವಲ್ಪ ಕಡಿಮೆ. ಗ್ರಾಮಿಗೆ 7,000 ರೂಪಾಯಿ ಎಂದು ಹಿಡಿದರೂ ಅದರ ಬೆಲೆ 3,400 ರೂಪಾಯಿ. ಒಂದು ಕಡೆ ಕಾಲು ಕಿಲೋಗೂ ಮೀರಿದ ಭಾರ, ಇನ್ನೊಂದು ಕಡೆ ಗುಲಗಂಜಿಯ ಗಾತ್ರದ ಚಿನ್ನ. ಆ ಭಾರಕ್ಕಿಂತ ಈ ಗುಲಗಂಜಿಯು ಹದಿಮೂರು ಪಾಲಿಗೂ ಮಿಗಿಲಾಯಿತು. ನೂರು ರೂಪಾಯಿಯ ಕಾಲಾಣೆಗಳನ್ನು ಇಡಬೇಕಾದರೆ ಮೂವತ್ತೊಂದು ಕಿಲೋ ಹೊರಬೇಕು. ಆ ಮೂಟೆಯನ್ನು ಮೂರು ತಲೆಮಾರು ಕಾಯಬೇಕು. ಕೊನೆಗೆ ಗುಜರಿಯವನು ಮಣ್ಣು, ಕಿಲುಬು, ಕರಗುವಾಗಿನ ನಷ್ಟ, ಮಿಶ್ರಲೋಹ ಎಂದು ಒಂದೊಂದನ್ನೂ ಹೇಳಿ ಬೆಲೆಯನ್ನು ಮುರಿಯುತ್ತಾನೆ.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ನಮ್ಮ ಅಜ್ಜಿಯರಿಗೆ ತಾಮ್ರವನ್ನು ಕೂಡಿಡುವುದು ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಬಚ್ಚಲುಮನೆಯ ಹಂಡೆ, ನೀರಿನ ಕೊಳಗ, ಬಿಂದಿಗೆ, ಚೊಂಬು ಇವೆಲ್ಲ ಅವರು ಕೂಡಿಟ್ಟ ತಾಮ್ರವೇ. ಕಂಚುಗಾರನು ಲೋಹವನ್ನು ತೂಗಿ, ಮೇಲೆ ಮಜೂರಿಯನ್ನು ಸೇರಿಸಿ ಬೆಲೆ ಹೇಳುತ್ತಿದ್ದನು. ಅದರಲ್ಲಿ ಅರಸನ ಮುದ್ರೆಗೆ ಕೊಡುವ ಹತ್ತಾಣೆ ಇರುತ್ತಿರಲಿಲ್ಲ. ಹಂಡೆಯು ಐವತ್ತು ವರ್ಷ ನೀರು ಕಾಯಿಸಿ, ತೂತಾದ ಮೇಲೆ ಹಳೆಯ ತಾಮ್ರದ ಬೆಲೆಗೆ ಹೋಗುತ್ತಿತ್ತು. ಕಷ್ಟಕಾಲದಲ್ಲಿ ಒತ್ತೆಗೂ ನಿಲ್ಲುತ್ತಿತ್ತು. ಲೋಹಕ್ಕಾಗಿ ತಾಮ್ರವನ್ನು ಇಡಬೇಕಾದರೆ ಇಡುವ ರೀತಿ ಅದು. ನಾಣ್ಯವನ್ನು ಇಡುವುದು ಆ ರೀತಿಯಲ್ಲ.

ಹಾಗಾದರೆ ಈ ಮನೆಯ ಅಜ್ಜಿಯು ಕಾಸುಗಳನ್ನು ಏಕೆ ಇಟ್ಟರು? ಚರಿಗೆಯ ಮೇಲುಪದರದಲ್ಲಿದ್ದ ತೂತಿನ ಕಾಸುಗಳು ಇದಕ್ಕೆ ಉತ್ತರ ಹೇಳಿದವು. ಅವು 1943ರಿಂದ ಈಚಿನವು. ಆ ಯುದ್ಧದ ವರ್ಷಗಳಲ್ಲಿ ದೇಶದಲ್ಲೆಲ್ಲ ಚಿಲ್ಲರೆಗೆ ಬರ ಬಂದಿತ್ತು. ಅಂಗಡಿಯವರು ಚಿಲ್ಲರೆಗೆ ಬದಲಾಗಿ ಅಂಚೆಚೀಟಿಗಳನ್ನು ಕೊಡುತ್ತಿದ್ದರು. ಮೋರ್ವಿ, ಜುನಾಗಢ ಮೊದಲಾದ ಸಂಸ್ಥಾನಗಳು ಆಣೆಪೈಸೆಗಳ ಬದಲು ಕಾಗದದ ಚೀಟಿಗಳನ್ನೇ ಅಚ್ಚುಹಾಕಿಸಿದವು. ಅಂಥ ಕಾಲದಲ್ಲಿ ಮೊಸರಿನವಳಿಗೆ, ಸೊಪ್ಪಿನವಳಿಗೆ, ಅಗಸನಿಗೆ ಕೊಡಲು ಕೈಯಲ್ಲಿ ನಾಲ್ಕು ಕಾಸು ಇರಲೆಂದು ಆ ತಾಯಿ ಕೂಡಿಸಿಟ್ಟರು. ಅದು ಲೋಹದ ವ್ಯಾಪಾರವಲ್ಲ, ಸಂಸಾರದ ಮುಂದಾಲೋಚನೆ. ಯುದ್ಧ ಮುಗಿಯಿತು, ಚಿಲ್ಲರೆ ಬಂದಿತು, ಚರಿಗೆ ಅಟ್ಟದಲ್ಲಿ ಮರೆತುಹೋಯಿತು. ಮರೆವನ್ನು ನಾವು ಈಗ ಉಳಿತಾಯವೆಂದು ಕರೆಯುತ್ತಿದ್ದೇವೆ, ಅಷ್ಟೆ.

ಇಷ್ಟು ಹೇಳಿದ ಮೇಲೆ ಹಿರಿಯ ಮಗನು, “ಹಾಗಾದರೆ ನನ್ನ ಮಾತೇ ಸರಿ, ತೂಕಕ್ಕೆ ಕೊಟ್ಟುಬಿಡೋಣ” ಎಂದು ಎದ್ದನು. ಅವನನ್ನೂ ಕೂರಿಸಬೇಕಾಯಿತು. ಚರಿಗೆಯ ಕಾಸುಗಳು ಸುಮಾರು ಆರು ನೂರು. ತೂಕ ಮೂರೂವರೆ ಕಿಲೋ. ಪೂರ್ಣ ಬೆಲೆ ಬಂದರೂ 2,800 ರೂಪಾಯಿ. ಅಷ್ಟಕ್ಕಾಗಿ ಕುಲುಮೆಗೆ ಹೋಗುವುದೇನು? ಆನೆಯ ಕಾಸಿನ ಮೇಲೆ ಟಂಕಸಾಲೆಯ ಹೆಸರುಂಟು, ವರ್ಷವುಂಟು. ಮದರಾಸಿನಲ್ಲಿ 1921ರಲ್ಲಿ ಹೆಂಡರ್ಸನ್ ಎಂಬ ವಿದ್ವಾಂಸನು ಹೈದರ್, ಟಿಪ್ಪು ಇವರ ನಾಣ್ಯಗಳ ಗ್ರಂಥವನ್ನು ಪ್ರಕಟಿಸಿದನು. ಯಾವ ಊರಿನಲ್ಲಿ, ಯಾವ ವರ್ಷದಲ್ಲಿ ಟಂಕಸಾಲೆ ನಡೆಯುತ್ತಿತ್ತೆಂಬುದನ್ನು ತಿಳಿಯಲು ಅಂಥವರಿಗೆ ಆಧಾರವಾದದ್ದು ಇಂಥ ಕಾಸುಗಳೇ. ಶಾಸನದ ಕಲ್ಲನ್ನು ಜಲ್ಲಿಗಾಗಿ ಒಡೆಯುವವನನ್ನು ನಾವು ಮೂಢನೆನ್ನುತ್ತೇವೆ. ಕಾಸೂ ಒಂದು ಶಾಸನವೇ. ಗಾತ್ರವು ಮಾತ್ರ ಚಿಕ್ಕದು.

ಆದರೆ ಹಳೆಯದೆಂದ ಮಾತ್ರಕ್ಕೆ ಲಕ್ಷಗಟ್ಟಲೆ ಬೆಲೆ ಬರುತ್ತದೆಂಬ ಭ್ರಮೆಯೂ ಬೇಡ. ಸಾಮಾನ್ಯವಾದ ಆನೆಯ ಕಾಸುಗಳೂ ವಿಕ್ಟೋರಿಯಾ ರಾಣಿಯ ಕಾಲಾಣೆಗಳೂ ಹೇರಳವಾಗಿ ಸಿಕ್ಕುವುದರಿಂದ ಸಂಗ್ರಾಹಕರು ಕೊಡುವ ಬೆಲೆ ಸಾಧಾರಣವೇ. ಅಪೂರ್ವವಾದ ವರ್ಷ, ಅಪೂರ್ವವಾದ ಟಂಕಸಾಲೆ, ಸವೆಯದ ಅಚ್ಚು ಇದ್ದರೆ ಮಾತು ಬೇರೆ. ರಾಮ, ಹನುಮಂತರ ಚಿತ್ರವೂ ಈಸ್ಟ್ ಇಂಡಿಯಾ ಕಂಪೆನಿಯ ಹೆಸರೂ 1818ನೆಯ ಇಸವಿಯೂ ಇರುವ ಬಿಲ್ಲೆಗಳು ಕಂಪೆನಿಯ ನಾಣ್ಯಗಳಲ್ಲ. ಈಚೆಗೆ ಹುಟ್ಟಿದ ಹುಸಿಬಿಲ್ಲೆಗಳು. ಅಕ್ಕಿಕಾಳನ್ನು ಸೆಳೆಯುವ ತಾಮ್ರವೆಂದು ಹೇಳಿ ಮನೆಮಠಗಳನ್ನು ಮಾರಿಸಿದ ಮೋಸಗಾರರ ಕಥೆಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಇವೆ. ತಾಮ್ರವು ಅಕ್ಕಿಯನ್ನು ಸೆಳೆಯುವುದಿಲ್ಲ. ಆಸೆಯು ಮನುಷ್ಯನನ್ನು ಸೆಳೆಯುತ್ತದೆ.

ಕೊನೆಗೆ ಆ ಗೃಹಸ್ಥರಿಗೆ ಹೇಳಿದ ಮಾತನ್ನೇ ತಮಗೂ ಅರಿಕೆ ಮಾಡುತ್ತೇನೆ. ಲೋಹದ ಬೆಲೆಗಾಗಿ ಹಳೆಯ ಕಾಸನ್ನು ಹುಡುಕಿ ಕೊಂಡು ಕೂಡಿಡುವುದು ಸಾರ್ಥಕವಲ್ಲ. ತಾನಾಗಿ ಮನೆಗೆ ಬಂದದ್ದನ್ನು ಲೋಹದ ಬೆಲೆಗೆ ಮಾರುವುದೂ ಸಾರ್ಥಕವಲ್ಲ. ಕಾಸುಗಳನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹಂಡೆಗೆ ಅದು ಅಂದ, ನಾಣ್ಯಕ್ಕೆ ಅದು ಹಾನಿ. ಬಗೆಬಗೆಯಾಗಿ ವಿಂಗಡಿಸಿ, ಬಲ್ಲವರಿಗೆ ತೋರಿಸಿ. ನೆಲದಲ್ಲಿ ದೊರೆತ ನಿಕ್ಷೇಪವಾದರೆ ಸರಕಾರಕ್ಕೆ ತಿಳಿಸತಕ್ಕದ್ದು. ನೂರು ವರ್ಷ ಮೀರಿದ ನಾಣ್ಯವು 1972ರ ಕಾಯಿದೆಯಂತೆ ಪ್ರಾಚೀನ ವಸ್ತು. ಅದನ್ನು ಖಾಸಗಿಯವರು ದೇಶದಾಚೆಗೆ ಸಾಗಿಸಲಾಗದು.

ಅವರು ಮನೆಗೆ ಹೋಗಿ ಹಾಗೆಯೇ ಮಾಡಿದರು. ಈಚೆಗೆ ನಾನು ಆ ಕಡೆ ಹೋಗಿದ್ದಾಗ ಹೊಸ ಮನೆಯ ನಡುಮನೆಯಲ್ಲಿ ಗಾಜಿನ ಪೆಟ್ಟಿಗೆಯೊಂದನ್ನು ಕಂಡೆನು. ಒಂಬತ್ತು ಆನೆಗಳು, ಅವುಗಳ ಕೆಳಗೆ ಸಿಂಹಗಳು, ಅವುಗಳ ಕೆಳಗೆ ರಾಜರಾಣಿಯರ ತಲೆಗಳು, ಕೊನೆಯ ಸಾಲಿನಲ್ಲಿ ತೂತಿನ ಕಾಸುಗಳು. ಕಿರಿಯ ಮಗನು ಪ್ರತಿಯೊಂದರ ಕೆಳಗೂ ಇಸವಿಯನ್ನು ಬರೆದಿಟ್ಟಿದ್ದನು. ಹಿರಿಯವನ ಮಗಳು, ಆರು ವರ್ಷದ ಹುಡುಗಿ, ನನ್ನ ಕೈಹಿಡಿದು ಕರೆದುಕೊಂಡು ಹೋಗಿ, “ಇವು ನಮ್ಮ ಮುತ್ತಜ್ಜಿಯ ಚಿಲ್ಲರೆ” ಎಂದು ತೋರಿಸಿದಳು.

ಆ ಚರಿಗೆಯ ಸರಿಯಾದ ಬೆಲೆಯನ್ನು ಹೇಳಿದವಳು ಅವಳೇ.